ಎಡಕ್ಕೊಂದು ಎಮ್ಮೆ

ಕುತ್ತಿಗೆಯ ಹಿಂದೆ, ಅಂಗಿಯ ಕಾಲರು ಮುಗಿದು ನರೆಗೂದಲು ಶುರುವಾಗುವ ಕಡೆ, ಎಳ್ಳಿನಷ್ಟು ಒಂದು ಮಚ್ಚೆ — ಇದು ಯಾವಾಗಿನಿಂದ ಇದೆಯೋ, ತಮ್ಮ ಮದುವೆಯಾಗಿ ಮಗಳ ಮದುವೆಯನ್ನೂ ಮಾಡಿಯಾಯಿತು, ಇವರ ಕುತ್ತಿಗೆಯ ಹಿಂದೆ ಮಚ್ಚೆಯಿರುವುದು ತನಗೆ ಗೊತ್ತೇ ಇಲ್ಲವಲ್ಲ ಎಂದು ಚಲುವಮ್ಮನಿಗೆ ಒಳಗೊಳಗೇ ನಗು, ಗೊತ್ತಾಗುವುದಾದರೂ ಹೇಗೆ, ಮನೆಯಲ್ಲಿದ್ದರೆ ಇವರು ಎದುರಿಗೆ ಉಣ್ಣಲು ಕೂರುತ್ತಾರೆ, ಹೊರಗೆ ಹೊರಟರೆ ಇವರು ಸ್ಟೇರಿಂಗಿನ ಮುಂದೆ, ತಾನು ಪಕ್ಕದಲ್ಲಿ, ಎಡಗಡೆ, ಈ ಗಾಡಿ ಬಂದ ಮೇಲೆ ತನ್ನ ಪಾಲಿಗೆ ಗಂಡ ಎಂದರೆ ಒಂದು ಎಡಗೆನ್ನೆ, ಒಂದು ಎಡಗಿವಿ, ಗೇರು ಬದಲಿಸುವ ಒಂದು ಎಡಗೈ, ಅಷ್ಟೇ — ಇವತ್ತು ಎಲ್ಲ ಅದಲುಬದಲು, ಸ್ಟೇರಿಂಗು ಹಿಡಿದಿರುವವನು ಗಾಡಿ ಕೊಳ್ಳಲು ಬಂದ ಹುಡುಗ ನಾಗಾರ್ಜುನ, ಅವನ ಮನೆಯಲ್ಲೇ ಗಾಡಿ ಒಪ್ಪಿಸಿ ಬರುವುದೆಂದು ಹೊರಟಿದ್ದಾರೆ, ತನ್ನ ಸೀಟಿನಲ್ಲಿ ತನ್ನ ಗಂಡ ಮಂಚಯ್ಯ, ಹಿಂದಿನ ಸೀಟಿನಲ್ಲಿ ಬೀಗರ ಮನೆಗೆ ಹೊರಟವಳಂತೆ ಮಡಿಲಲ್ಲಿ ಹಣ್ಣುಕಾಯಿಯ ಚೀಲ ಇಟ್ಟುಕೊಂಡು ತಾನು, ಮತ್ತೆ ನೋಡಿದರೆ ಇವರು ತನ್ನ ದಿಂಬಿನ ಮೇಲೇ ಕೂತಿದ್ದಾರೆ, ಕುಳ್ಳಿಯಾದ ತನಗೆ ರಸ್ತೆ ಕಾಣಲಿ ಎಂದು ಮಾಡಿಸಿದ ಬೂರುಗದ ಹತ್ತಿಯ ದಿಂಬು, ಅದರ ಮೇಲೆ ಇಷ್ಟೆತ್ತರದ ಆಳು ಕೂತರೆ ತಲೆ ಮೇಲಕ್ಕೆ ತಾಗುವುದೊಂದು ಬಾಕಿ, ತೆಗೆದು ಹಿಂದಕ್ಕೆ ಹಾಕಬಾರದೆ, ಹಾಕುವುದಿಲ್ಲ, ಹೇಳಿದರೆ ಇರ್ಲಿ ಬುಡು ಅನ್ನುತ್ತಾರೆ, ಇವರ ಬಾಯಲ್ಲಿ ಬರುವ ಎರಡು ಮಾತಿನಲ್ಲಿ ಒಂದು ಇರ್ಲಿ ಬುಡು, ಇನ್ನೊಂದು ಊಂ.

ಬೆಳಿಗ್ಗೆ ನಾಗಾರ್ಜುನ ಸಂತೆಬಾಚಹಳ್ಳಿಯಲ್ಲಿ ಬಸ್ಸಿಳಿದು, ಅಲ್ಲಿಂದ ಯಾರದೋ ಬೈಕು ಹತ್ತಿ ಮನೆಮುಂದೆ ಬಂದು ಇಳಿದಾಗ ಗಾಡಿ ಆಗಲೇ ಮೈ ತೊಳೆಸಿಕೊಂಡು ಬೇವಿನ ಮರದ ನೆರಳಿನಲ್ಲಿ ನಿಂತಿತ್ತು, ಬೆಳ್ಳಗೆ, ಗುಡಿಯ ಬಸವನ ಹಾಗೆ, ತೊಳೆಯುವುದೆಂದರೆ ಇವರದು ನೀರು ಎರಚುವುದಲ್ಲ, ಎತ್ತಿನ ಮೈ ತೊಳೆದ ಹಾಗೆ, ಮೊದಲು ಬೆನ್ನು, ಆಮೇಲೆ ಪಕ್ಕೆ, ಕೊನೆಗೆ ಕಾಲು, ಒರೆಸುವುದಕ್ಕೆ ತನ್ನ ಹಳೆಯ ನೂಲಿನ ಸೀರೆಯೇ ಬೇಕು, ಅಂಗಡಿಯ ಬಟ್ಟೆ ಆಗದು, ಗೀರು ಬೀಳುತ್ತದಂತೆ, ಹೊಸತರಲ್ಲಿ ತಾನು ಉಟ್ಟ ಸೀರೆಯ ಮೇಲೂ ಕಣ್ಣಿಡುತ್ತಿದ್ದರು, ಇದು ಯಾವಾಗ ಅರಿತದೆ ಅಂತ — ಹರಿಯಲಿ, ನಿಮ್ಮ ಬಾಯಿಗೆ ಮಣ್ಣಾಕ, ಅಂದಿದ್ದಳು ಆಗ. ಜೆಸಿಬಿ ಓಡಿಸಿ, ಆಮೇಲೆ ಸ್ವಂತ ಜೆಸಿಬಿ ಕೊಂಡು, ನಾಲೆಯ ಹೂಳು ತೆಗೆದು ತೆಗೆದು, ಮೈಯೆಲ್ಲ ಮಣ್ಣಾಗಿ ಬದುಕಿದ ಮನುಷ್ಯ ಒಂದು ದಿನ ಮಣ್ಣೇ ಸೋಕದಂಥ ಗಾಡಿ ತಂದು ನಿಲ್ಲಿಸಿದರು, ಫಾರ್ಚೂನರ್, ಊರಿಗೆ ಊರೇ ಬಂದು ಮುಟ್ಟಿ ನೋಡಿತು, ಮುಟ್ಟಿ, ಆದ್ರೆ ಉಂಗ್ರ ತೆಗ್ದು ಮುಟ್ಟಿ ಎಂದರು ಇವರು, ಹತ್ತುವುದಾದರೆ ಚಪ್ಪಲಿ ಕೊಡವಿ ಹತ್ರಪ್ಪಾ ಎಂದರು, ಇವರ ಜೀವಮಾನದಲ್ಲಿ ಒಂದೇ ದಿನ ಇಷ್ಟು ಮಾತಾಡಿದ್ದು ಅವತ್ತೇ ಇರಬೇಕು. ನಾಗಾರ್ಜುನ ಮದುವೆ ಅಡುಗೆಯ ಕಂಟ್ರಾಕ್ಟು ಮಾಡುವವನು, ಕಣ್ಣು ಚುರುಕು, ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಗಾಡಿಯ ಸುತ್ತ ಬಂದ, ಬಗ್ಗಿ ನೋಡಿದ, ಎಡಗಡೆಯ ಬಾಗಿಲ ಮೇಲೆ ಉಗುರಾಡಿಸಿದ, ಏನ್ ಯಜಮಾನ್ರೇ ಒಂದ್ ಗೀರೂ ಇಲ್ವಲ್ಲ, ಯಾರ್ ಗಾಡಿ ನೋಡಿದ್ರೂ ನಾನು ಮೊದ್ಲು ಎಡಗಡೆ ಬಾಗ್ಲು ನೋಡಾದು, ಓಡ್ಸೋರ ಜಾತಕ ಅಲ್ಲಿರ್ತದೆ, ನಿಮ್ ಎಡಗಣ್ಣಿಗೆ ದೃಷ್ಟಿ ತೆಗ್ದಾಕ್ಬೇಕು ಬುಡಿ ಅಂದ. ಇವರು ಊಂ ಅಂದರು.

ಮತ್ಯಾಕೆ ಕೊಡ್ತಾ ಇದ್ದೀರಿ ಇಂಥ ಗಾಡೀನಾ, ಎಂದು ಅವನು ಕೇಳಿಯೇ ಕೇಳಿದ, ಕೇಳದೆ ಬಿಡುತ್ತಾನೆಯೇ, ಇವರು ತಯಾರಾಗಿಯೇ ಇದ್ದರು, ನಮ್ಮವಳ ಮಂಡಿ ಕಣಪ್ಪಾ, ಎತ್ರದ ಗಾಡಿ, ಅತ್ತಕ್ಕೆ ಆಗಕಿಲ್ಲ — ಕೂಡಲೇ ತಾನು ಕುಂಟಬೇಕಾಯಿತು, ಕಾಫಿ ಕೊಡಲು ಬರುವಾಗ ಎಡಗಾಲು ಎಳೆದಳು, ಲೋಟ ತೆಗೆದುಕೊಂಡು ಹೋಗುವಾಗ ಮರೆತು ಬಲಗಾಲು ಎಳೆದಳು, ಹುಡುಗ ಗಮನಿಸಲಿಲ್ಲ, ಇವರು ಗಮನಿಸಿದರು, ಟವೆಲ್ಲು ಬಾಯಿಗೆ ಒತ್ತಿಕೊಂಡು ಕೆಮ್ಮಿದರು, ಅದು ಕೆಮ್ಮಲ್ಲ. ಮಂಡಿಯಂತೆ ಮಂಡಿ, ಈಗಲೂ ಬೆಟ್ಟದ ಮೆಟ್ಟಿಲು ಹತ್ತಿ ಚೆಲುವನಾರಾಯಣನಿಗೆ ಕೈಮುಗಿದು ಬರುವ ಮಂಡಿ — ಅಗೋ ಬೆಟ್ಟ, ಕಿಟಕಿಯಲ್ಲಿ ಮೇಲುಕೋಟೆ, ರಸ್ತೆ ತಿರುಗಿದ ಹಾಗೆ ಗೋಪುರ ಒಮ್ಮೆ ಈ ಕಡೆ ಒಮ್ಮೆ ಆ ಕಡೆ, ಕಣ್ಣಾಮುಚ್ಚಾಲೆ ಆಡುವ ಮಗುವಿನ ಹಾಗೆ, ಸ್ವಾಮಿ, ಮೊದಲನೇ ಪೂಜೆ ನಿನ್ನ ಮುಂದೆಯೇ ಆಗಿದ್ದು, ಚಕ್ರದ ಕೆಳಗೆ ನಿಂಬೆಹಣ್ಣು ಚಿಟ್ಟೆಂದಿದ್ದು, ಇವತ್ತು ಕೊನೆಯ ಸಲ ನಿನ್ನ ಬೆಟ್ಟದ ಬುಡದಲ್ಲಿ ಹಾದುಹೋಗುತ್ತಿದೆ, ಬೇರೆಯವನ ಕೈಲಿ, ನೋಡಿಕೋ ತಂದೆ, ಗಾಡಿಯನ್ನೂ ನೋಡಿಕೋ, ಎಡಗಡೆ ಕೂತಿರುವವರನ್ನೂ ನೋಡಿಕೋ, ಸುಳ್ಳು ಹೇಳಿದ ಮಂಡಿಗೆ ನಿಜವಾಗಿ ನೋವು ಕೊಟ್ಟುಬಿಡಬೇಡ.

ಎಡಗಡೆ — ಆ ಎಮ್ಮೆ ನಿಂತಿದ್ದೂ ಎಡಗಡೆಯೇ. ಎರಡು ವರ್ಷದ ಹಿಂದೆ, ಶೀಳನೆರೆಯ ಹತ್ತಿರ, ನಾಗಮಂಗಲದಲ್ಲಿರುವ ಮಗಳು ಚೈತ್ರಳ ಮನೆಯಿಂದ ಬರುತ್ತಾ ನೆಂಟರ ಮನೆಗೆ ಹೋಗೋಣವೆಂದು ಆ ಕಡೆ ತಿರುಗಿದ್ದರು, ಸಂಜೆಯ ಬೆಳಕು ಇನ್ನೂ ಚೆನ್ನಾಗಿತ್ತು, ಕೆರೆಯಿಂದ ಎದ್ದು ಬಂದ ಎಮ್ಮೆ, ಕಪ್ಪಗೆ, ಒದ್ದೆಯಾಗಿ ಹೊಳೆಯುತ್ತಾ, ಬೆನ್ನ ಮೇಲೆ ಒಂದು ಬೆಳ್ಳಕ್ಕಿ, ರಸ್ತೆಗೆ ಅಡ್ಡಲಾಗಿ ಕತ್ತು ಚಾಚಿ ನಿಂತಿದೆ, ಇವರು ಹೋಗುತ್ತಲೇ ಇದ್ದಾರೆ, ನಿಧಾನ ಮಾಡುವುದಿಲ್ಲ, ಹಾರನ್ನು ಒತ್ತುವುದಿಲ್ಲ, ಎಡಗೆನ್ನೆಯಲ್ಲಿ ಒಂದು ನರವೂ ಅಲುಗುವುದಿಲ್ಲ, ಆಗ ತನಗೆ ಹೊಳೆಯಿತು, ಇವರಿಗೆ ಕಾಣುತ್ತಿಲ್ಲ, ಅಷ್ಟು ದೊಡ್ಡ ಎಮ್ಮೆ ಇವರಿಗೆ ಕಾಣುತ್ತಿಲ್ಲ — ಎಮ್ಮೇ! ಎಂದು ಕಿರುಚಿಬಿಟ್ಟಳು, ಗಾಡಿ ಕಿರ್ರೆಂದು ನಿಂತಿತು, ಎಮ್ಮೆಯ ಉಸಿರು ಬಾಗಿಲ ಗಾಜಿಗೆ ತಾಗಿ ಮಂಜು ಹಿಡಿಯಿತು, ಏನು, ಏನಂದೆ, ಎಂದರು ಇವರು, ದನಿ ಒಂದು ಥರ ಇತ್ತು, ಮಳೆಗಾಲದಲ್ಲಿ ದಂಡೆ ಕುಸಿಯುವ ಮುಂಚೆ ಇರುತ್ತದಲ್ಲ ಅಂಥ ದನಿ, ಆ ದನಿ ಕೇಳಿದ್ದೇ ತನ್ನ ಬಾಯಿಗೆ ಯಾವ ದೇವರು ಬಂದನೋ, ಏನಿಲ್ಲ ಕಣಿ, ಎಮ್ಮೆ ಎಷ್ಟ್ ಚೆಂದಾಗದೆ ಅಂದೆ, ಅಂದುಬಿಟ್ಟಳು. ತಾನು ಇನ್ನೂ ಎಮ್ಮೆಯನ್ನೇ ನೋಡುತ್ತಿದ್ದಾಗ ಬೆನ್ನ ಹಿಂದೆ ಇವರು, ಊಂ, ಚೆಂದಾಗದೆ, ಅಂದರು. ಗಾಡಿ ಹೊರಟಿತು. ಬೆಳ್ಳಕ್ಕಿ ಹಾರಲೇ ಇಲ್ಲ.

ಅಂದಿನಿಂದ ಶುರುವಾಯಿತು ತನ್ನ ಮಾತು, ಮೊದಲೇನು ತಾನು ಮೂಗಿಯಾಗಿರಲಿಲ್ಲ, ಆದರೆ ಅಂದಿನಿಂದ ಎಡಗಡೆಯ ಮಾತು, ಅಗೋ ನೋಡಿ ಆ ಸ್ಕೂಟರಿನವನು ಎಂಗೆ ಕೂತವ್ನೆ ಕೊಂಬೆ ಮ್ಯಾಲಿನ ಕೋತಿಯಂಗೆ, ಅಯ್ಯಯ್ಯೋ ಈ ಹೆಣ್ಣುಮಗಳು ಇಷ್ಟ್ ಸೊಪ್ಪು ಹೊತ್ಕೊಂಡು ರಸ್ತೆ ಅಂಚಿಗೇ ಬತ್ತಾವ್ಳಲ್ಲ, ಕಬ್ಬಿನ ಟ್ರಾಕ್ಟರು ನಿಂತದೆ ಪಾಪ ಚಕ್ರ ಕೂತೋಗದೆ, ಹೀಗೇ, ಮೈಲಿಗಟ್ಟಲೆ, ಒಂದು ಸಲವೂ ಜೋಪಾನ ಅನ್ನಲಿಲ್ಲ, ಕಾಣ್ತದಾ ಅನ್ನಲಿಲ್ಲ, ಅಂದರೆ ಮುಗಿಯಿತು, ಮಗಳು ಒಮ್ಮೆ ಅಪ್ಪಾ ಕಣ್ ತೋರ್ಸವಾ ಮೈಸೂರಿಗೆ ಓಗವಾ ಎಂದಿದ್ದಕ್ಕೆ ಕನ್ನಡಕ ಸರಿಯಿಲ್ಲ ಎಂದು ಎದ್ದುಹೋಗಿದ್ದರು, ಆಮೇಲೆ ಮಗಳ ಜೊತೆ ಹೋಗಿ ಬಂದರು, ನರ ಒಣಗಿದೆ, ಇರುವುದನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದರಂತೆ ಡಾಕ್ಟರು, ಅದನ್ನು ಮಗಳು ಹೇಳಿದ್ದು, ಇವರು ಮನೆಗೆ ಬಂದು ಹೇಳಿದ್ದು ಡ್ರಾಪ್ಸ್ ಕೊಟ್ಟವ್ರೆ ಅಂತ ಅಷ್ಟೇ. ತನಗೆ ಚಿಕ್ಕಂದಿನದು ನೆನಪಾಗುತ್ತದೆ, ಶ್ರಾವಣದಲ್ಲಿ ಊರ ಮಂದಿರದಲ್ಲಿ ಕಾವ್ಯ ಓದಿಸುತ್ತಿದ್ದರು, ಮೇಷ್ಟ್ರು ಪದ್ಯ ಓದುವುದು, ಪಕ್ಕದಲ್ಲಿ ಕೂತ ಇನ್ನೊಬ್ಬರು ಅರ್ಥ ಹೇಳುವುದು, ತಾನು ಅಪ್ಪನ ತೊಡೆಗೊರಗಿ ಜಗಲಿಯ ಹೊರಗಡೆ ಕೂತು ಕೇಳುತ್ತಿದ್ದಳು, ಪದ್ಯದ ಮಾತು ಒಂದೂ ತಿಳಿಯುತ್ತಿರಲಿಲ್ಲ, ಕುದುರೆ ಬರುತ್ತಿದೆ ಎನ್ನುವುದು ಮಾತ್ರ ಆ ಓಟದಲ್ಲೇ ತಿಳಿಯುತ್ತಿತ್ತು, ಓದುವವರು ಅರ್ಥ ಹೇಳುವವರ ಮುಖ ನೋಡುತ್ತಿರಲಿಲ್ಲ, ಅರ್ಥ ಹೇಳುವವರು ಓದುವವರನ್ನು ತಡೆಯುತ್ತಿರಲಿಲ್ಲ, ಒಬ್ಬರು ನಿಲ್ಲಿಸಿದ ಕಡೆ ಒಬ್ಬರು ಎತ್ತಿಕೊಳ್ಳುವರು, ಹಾಗೆಯೇ ಇವರು ರಸ್ತೆ ಓದುತ್ತಾ ಹೋದರು, ತಾನು ಎಡಗಡೆಯ ಅರ್ಥ ಹೇಳುತ್ತಾ ಹೋದಳು, ಆ ಎಮ್ಮೆಯ ವಾರದಲ್ಲೇ ಇವರು ಎಲ್ಲಿಂದಲೋ ಬೂರುಗದ ಹತ್ತಿ ತಂದು ತನ್ನ ಕೆಂಪು ಸೀರೆಯನ್ನೇ ಹರಿದು ದಿಂಬು ಹೊಲಿಸಿ ಸೀಟಿನ ಮೇಲೆ ಇಟ್ಟಿದ್ದರು, ಕುಳ್ಳಿ, ನಿಂಗೆ ರಸ್ತೆ ಕಾಣಕಿಲ್ಲ, ಕೂತ್ಕೋ, ಎಂದು, ಇಷ್ಟು ವರ್ಷ ಇಲ್ಲದ ಮುದ್ದು ಈಗ ಎಂದು ನಾಚಿಕೊಂಡೇ ಕೂತಳು, ಕಂಡಿತು ರಸ್ತೆ, ಎರಡು ಅಂಚೂ.

ಎಡಕ್ಕೆ ಸೈಕಲ್ಲು ಬತ್ತಾದೆ ನೋಡಿ, ಪಾಪ ಹಾಲಿನ ಕ್ಯಾನು ಎಷ್ಟು ದೊಡ್ದು — ಬಾಯಿಂದ ಬಂದೇಬಿಟ್ಟಿತು, ಹಿಂದಿನ ಸೀಟಿನಿಂದ, ಅಭ್ಯಾಸ ಬಿಡುತ್ತದೆಯೇ, ಆ ಬಾಳೆಗೊನೆ ಗಾಡಿ ನೋಡಿ, ಗೊನೆ ಈಚೆಗೇ ಚಾಚ್ಕಂಡದೆ, ನಾಗಾರ್ಜುನ ಕನ್ನಡಿಯಲ್ಲಿ ನೋಡಿ ನಕ್ಕ, ಅವ್ವಾ, ಆಗ್ಲಿಂದ ಕೇಳ್ತಾ ಇವ್ನಿ, ಎಡಗಡೇದೆಲ್ಲಾ ಹೇಳ್ಕಂಡೇ ಬತ್ತಾ ಇದ್ದೀರಿ, ಬಲಗಡೆ ಏನೂ ಇಲ್ವಾ ನಮ್ಮೂರ್ ಕಡೆ, ನಂಗೆ ಕಾಣ್ತದೆ ಬುಡಿ, ಎರಡೂ ಕಣ್ ಸಂದಾಗವೆ ನಂಗೆ. ಮುಂದೆ ಮಚ್ಚೆ ಅಲುಗಲಿಲ್ಲ. ಅಯ್ಯೋ ಪಾಪಿ ನಾಲಿಗೆ, ಎರಡು ವರ್ಷ ಹೊಲಿದ ಹೊಲಿಗೆಯನ್ನು ಇವತ್ತು, ಕೊನೆಯ ದಿನ, ಬೇರೆಯವನ ಮುಂದೆ ಬಿಚ್ಚಿದೆಯಲ್ಲೇ, ಇವರಿಗೆ ತಿಳಿದುಬಿಟ್ಟರೆ, ತನ್ನನ್ನು ಹೆಂಡತಿ ಇಷ್ಟು ದಿನ ಮೂಗುದಾರ ಹಿಡಿದು ನಡೆಸಿದಳು, ತಾನು ಓಡಿಸಿದ್ದಲ್ಲ, ಇವಳು ಓಡಿಸಿದ್ದು ಎಂದು ತಿಳಿದುಬಿಟ್ಟರೆ ಈ ಜೀವ ಒಳಗೊಳಗೇ ಮುದುಡಿಹೋಗುತ್ತದೆ, ಆಮೇಲೆ ಊಂ ಎನ್ನುವುದೂ ಬರುವುದಿಲ್ಲ. ಅಯ್ಯೋ ಸುಮ್ನಿರಪ್ಪಾ, ವಯಸ್ಸಾದ ಬಾಯಿ, ಒಡ್ಕು ಮಡ್ಕೆ, ಸೋರ್ತದೆ, ಎಂದಳು ನಗುವಂತೆ. ಅವನೂ ನಕ್ಕ. ಇವರು ನಗಲಿಲ್ಲ, ಕೈ ಮಾತ್ರ ಕೆಳಗೆ ಹೋಗಿ ದಿಂಬಿನ ಅಂಚನ್ನು ಸರಿಮಾಡಿಕೊಂಡಿತು.

ಪಾಂಡವಪುರ ಬಂತು, ಬೆಲ್ಲದ ಕಂಪು ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತದೆ, ನಾಲೆಯ ನೀರು ಬಿಸಿಲಿಗೆ ಪಳಪಳ, ಈ ನಾಲೆಯ ಹೂಳಿನಲ್ಲಿ ಇವರ ಯೌವನ ಇದೆ — ಸ್ಟೇಷನ್ನಿನ ಕಡೆಯ ತಿರುವು, ಇಲ್ಲೇ, ಇದೇ ತಿರುವಿನಲ್ಲಿ, ಹೋದ ತಿಂಗಳು, ಸ್ಕೂಲಿನ ಯೂನಿಫಾರ್ಮಿನ ಹುಡುಗಿ, ಎರಡು ಜಡೆ, ಸೈಕಲ್ಲು, ತಾನು ಆಗ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು, ತಲೆ ಎತ್ತಿದಾಗ ರಿಬ್ಬನ್ನು ಗಾಜಿನ ಪಕ್ಕದಲ್ಲಿ, ಎಡಕ್ಕೇ! ಎಂದಳು, ಚೆಂದ ಅನ್ನಲು ಆಗಲಿಲ್ಲ, ಯಾವ ಸುಳ್ಳೂ ಬಾಯಿಗೆ ಬರಲಿಲ್ಲ, ಗಾಡಿ ಬಲಕ್ಕೆ ಎಳೆದುಕೊಂಡಿತು, ಹುಡುಗಿ ತಿರುಗಿಯೂ ನೋಡದೆ ಹೋದಳು, ಜಡೆ ಕುಣಿಸುತ್ತಾ, ಅವಳಿಗೆ ಗೊತ್ತೇ ಇಲ್ಲ, ಅವಳ ತಾಯಿಗೂ ಗೊತ್ತಿಲ್ಲ, ಚೆಲುವನಾರಾಯಣನಿಗೆ ಗೊತ್ತು. ಮಾರನೇ ಬೆಳಿಗ್ಗೆ ಇವರು ಗಾಡಿ ತೊಳೆದು, ಒರೆಸಿ, ಒರೆಸಿದ್ದನ್ನೇ ಮತ್ತೆ ಒರೆಸಿ, ಒಳಗೆ ಬಂದು ರೊಟ್ಟಿಯ ಮುಂದೆ ಕೂತು, ಚಲುವೀ, ನಿನ್ ಮಂಡಿ ನೋವು ಜಾಸ್ತಿ ಆಗಿರಂಗದೆ, ಗಾಡಿ ಕೊಟ್ಬುಡವಾ, ಎಂದರು. ತನಗೆ ಮಂಡಿ ನೋವೇ ಇಲ್ಲ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು, ಅದನ್ನೇ ನೋಡುತ್ತಾ, ಊಂ ಕಣಿ, ಬಲೇ ನೋವು, ರಾತ್ರಿಯೆಲ್ಲ ನಿದ್ದೆಯಿಲ್ಲ, ಎಂದಳು. ಅಷ್ಟೇ, ಅಷ್ಟರಲ್ಲಿ ಮುಗಿಯಿತು, ಚೈತ್ರ ಫೋಟೋ ತೆಗೆದು ಫೋನಿನಲ್ಲಿ ಹಾಕಿದಳು. ಗಾಡಿ ಹೋಗುವುದಕ್ಕೆ ಚಿಂತೆಯಿಲ್ಲ, ಹೋಗಲಿ, ಆ ರಿಬ್ಬನ್ನಿಗಿಂತ ದೊಡ್ಡದಲ್ಲ, ಚಿಂತೆ ಬೇರೆ, ಯಾರಿಗೂ ಹೇಳಲಾಗದ್ದು, ಹೇಳಿದರೆ ನಗುತ್ತಾರೆ — ಇವರು ಮನೆಯಲ್ಲಿ ಮಾತಾಡುವವರಲ್ಲ, ಗಾಡಿಯಲ್ಲಿ ಮಾತ್ರ ತನ್ನ ಮಾತಿಗೆ ಊಂ ಅನ್ನುತ್ತಿದ್ದರು, ಒಂದೊಂದು ಸಲ ಆ ಕೋತಿಯಂಥ ಸ್ಕೂಟರಿನವನಿಗೆ ನಗುತ್ತಲೂ ಇದ್ದರು, ಗಾಡಿ ಹೋದರೆ ಆ ಊಂ ಎಲ್ಲಿ ಹೋಗುತ್ತದೆ, ಗೋಡೆಗೆ ಎಡಬಲ ಇದೆಯೇ, ಅಡುಗೆಮನೆಯಲ್ಲಿ ಕೂತು ಏನನ್ನು ತೋರಿಸಿ ಚೆಂದ ಅನ್ನಲಿ ಇವರಿಗೆ.

ಬಾಬುರಾಯನಕೊಪ್ಪಲು. ನಾಗಾರ್ಜುನನ ಮನೆಯ ಮುಂದೆ ರಂಗೋಲಿ, ಹೊಸಿಲಲ್ಲಿ ಅವನ ಅಜ್ಜಿ ಅಣ್ಣಮ್ಮ, ಕೈಯಲ್ಲಿ ಆರತಿ ತಟ್ಟೆ, ಬೆನ್ನು ಬಾಗಿದೆ, ಬಾಯಿ ಬಾಗಿಲ್ಲ, ಇಷ್ಟ್ ಎತ್ರದ್ದು ಯಾಕ್ಲಾ ತಂದೆ, ನಾನು ಅತ್ತಕ್ಕೆ ಏಣಿ ಬೇಕು ಕಣ್ಲಾ ಮುಂಡೇದೆ, ಎಂದು ಮೊಮ್ಮಗನನ್ನು ಬೈಯುತ್ತಲೇ ಗಾಡಿಗೆ ಕುಂಕುಮ ಇಟ್ಟಳು, ಚಲುವಮ್ಮ ಕಾಯಿ ಹಣ್ಣು ಕೊಟ್ಟಳು, ಕುಂಟಲು ನೆನಪಾಗಿ ಎರಡು ಹೆಜ್ಜೆ ಕುಂಟಿದಳು, ಕಾಗದಕ್ಕೆ ಸಹಿ ಆಯಿತು, ಬ್ಯಾಂಕಿನದು ಆಯಿತು, ಚೈತ್ರ ಫೋನು ಮಾಡಿ ದುಡ್ಡು ಬಂತು ಬಂತು ಎಂದಳು, ಇವರು ಜೇಬಿನಿಂದ ಕೀ ತೆಗೆದು ವೀಳ್ಯದೆಲೆಯ ಮೇಲಿಟ್ಟು ನಾಗಾರ್ಜುನನ ಕೈಗೆ ಕೊಟ್ಟರು. ಅವನು ಕಣ್ಣಿಗೊತ್ತಿಕೊಂಡು, ಇನ್ನೊಂದು ಯಜಮಾನ್ರೇ, ಎರಡ್ನೇ ಕೀ ಅಂದ. ಇವರು ಅವನನ್ನೇ ನೋಡಿದರು. ಅಗ್ಗ ಕೊಡಕಿಲ್ಲ ಕಣಪ್ಪಾ, ಎಂದರು. ಅಯ್ಯೋ ಅಗ್ಗಕ್ಕೆ ಯಾರ್ ಕೇಳಿದ್ರು, ಮಾತಾಡಿದ್ ರೇಟು ಪೂರ್ತಿ ಕೊಟ್ಟಿವ್ನಲ್ಲಾ, ಒಂದ್ ರೂಪಾಯಿ ಕಮ್ಮಿ ಕೇಳಿದ್ನಾ ನಾನು, ಹುಡುಗ ಗಾಬರಿಯಾದ. ಇವರು ತಲೆಯಾಡಿಸಿದರು, ಅದಲ್ಲ, ಅಗ್ಗ, ಅಗ್ಗ ಕೊಡಾ ಪದ್ಧತಿ ಇಲ್ಲ ನಮ್ಮಲ್ಲಿ. ಅವನು ಫೋನು ತೆಗೆದು ಬ್ಯಾಂಕಿನ ಮೆಸೇಜು ತೋರಿಸಲು ಹೋದ, ಯಾರ್ ಅಗ್ಗದ ಮಾತಾಡಿದ್ರು ಯಜಮಾನ್ರೇ, ಇವರು ಇನ್ನೂ ಗಟ್ಟಿಯಾಗಿ, ಅಗ್ಗ ಕಣಯ್ಯಾ, ಅಗ್ಗ! — ಚಲುವಮ್ಮನಿಗೆ ಆಗ ಹೊಳೆಯಿತು, ಮನೆಯ ಕೊಟ್ಟಿಗೆಯ ಗೋಡೆಗೆ ಒಂದು ಗೂಟ, ಅದರಲ್ಲಿ ಇವರ ಅಪ್ಪನ ಕಾಲದಿಂದ ಕೊಟ್ಟ ಎತ್ತುಗಳ ಹಗ್ಗ, ಎತ್ತು ಕೊಡಬಹುದು, ಕಟ್ಟಿದ ಹಗ್ಗ ಕೊಡಬಾರದು, ಕೊಂಡವನು ತನ್ನ ಹಗ್ಗ ತರಬೇಕು, ಹಗ್ಗ ಹೋದರೆ ಅದರ ಹಿಂದೆಯೇ ಕೊಟ್ಟಿಗೆಯ ಲಕ್ಷ್ಮಿಯೂ ಹೋಗುತ್ತಾಳೆ, ಈ ಮಹಾರಾಯರು ಎರಡನೇ ಕೀಯನ್ನು ಹಗ್ಗ ಮಾಡಿಕೊಂಡು ಚಡ್ಡಿಯ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ.

ಅಣ್ಣಮ್ಮನಿಗೆ ಅದು ತಕ್ಷಣ ತಿಳಿಯಿತು, ಅವರೇಳಾದು ದನ ಕಟ್ಟೋ ಅಗ್ಗ ಕಣ್ಲಾ, ಬೆಪ್ಪೇ, ನಿಮ್ ತಾತ ಒಂದ್ ಕರ ಮಾರಿದ್ರೂ ಅಗ್ಗ ಬಿಚ್ಕೊಂಡು ಬತ್ತಿದ್ದ, ಕೇಳಬ್ಯಾಡ, ಎಂದಳು. ಅಜ್ಜೀ ಇದು ದನ ಅಲ್ಲ, ಒಂದ್ ಕೀ ಬೇರೆಯವ್ರ ತಾವ ಇದ್ರೆ ಯಾರ್ ತಾನೆ ಗಾಡಿ ತಗಂತಾರೆ, ನಾನ್ ತಗಳಕಿಲ್ಲ, ವಾಪಸ್ ಮಾಡ್ಬುಡವಾ, ಹುಡುಗನ ಮುಖ ಕೆಂಪಾಯಿತು. ವಾಪಸ್ಸು — ಇವರ ಮುಖದಲ್ಲಿ ಒಂದು ಕ್ಷಣ ಒಂದು ಬೆಳಕು ಹಾದುಹೋಯಿತು, ಅದನ್ನು ತಾನು ಕಂಡಳು, ಎಡಗೆನ್ನೆ ಅಲ್ಲವೇ, ತನ್ನ ಗದ್ದೆ ಅದು, ಒಂದು ಪೈರು ಅಲುಗಿದರೂ ಗೊತ್ತು, ವಾಪಸ್ಸಾದರೆ ಸಂಜೆಗೆ ಇವರೇ ಓಡಿಸಿಕೊಂಡು ಹೋಗಬಹುದು, ತಾನು ದಿಂಬಿನ ಮೇಲೆ ಕೂರಬಹುದು, ಊಂ ಊಂ ಎಂದುಕೊಂಡು, ಎಷ್ಟು ಚೆಂದ, ಯಾರು ಬೇಡವೆನ್ನುತ್ತಾರೆ, ಸುಮ್ಮನಿದ್ದರೆ ಸಾಕು, ತುಟಿ ಮುಚ್ಚಿಕೊಂಡಿದ್ದರೆ ಸಾಕು — ಎರಡು ಜಡೆ, ರಿಬ್ಬನ್ನು. ಚಲುವಮ್ಮ ಮುಂದೆ ಬಂದಳು, ಕುಂಟದೆಯೇ ಬಂದಳು, ಅಲ್ಲಾ ಕಣಿ, ಎಂದಳು ಇವರಿಗೆ, ಎತ್ತು ಕೊಡುವಾಗ ಹಗ್ಗ ಬಿಚ್ಕೊಂತೀರಿ, ಮೂಗುದಾರ ಬಿಚ್ಕೊಂತೀರಾ? ಮೂಗುದಾರ ಎತ್ತಿಂದು, ಅದರ ಮೈಯೊಳಗೇ ಇರಾದು, ಅದು ಎತ್ತಿನ್ ಜೊತೆ ಓಯ್ತದೆ. ಕೀ ಮೂಗುದಾರ ಕಣಿ. ಅದ್ನ ಕೊಟ್ಬುಡಿ. ಅಣ್ಣಮ್ಮ ಆರತಿ ತಟ್ಟೆಗೆ ಬೆರಳಲ್ಲಿ ಟಂಗ್ ಎಂದು ಬಾರಿಸಿ, ಭೇಷ್ ನನ್ ತಾಯೀ, ಎಂದಳು. ಇವರು ತನ್ನನ್ನೇ ನೋಡುತ್ತಿದ್ದರು, ಪೂರ್ತಿ ಮುಖ ತಿರುಗಿಸಿ, ಬಲಗಣ್ಣು ತರಲು ಅಷ್ಟು ತಿರುಗಬೇಕು ಈಗ, ನೋಡಿ ನೋಡಿ, ಊಂ, ಎಂದರು, ಪಂಚೆ ಎತ್ತಿ ಪಟಾಪಟಿ ಚಡ್ಡಿಯ ಜೇಬಿನಿಂದ ಕೀ ತೆಗೆದು ಹುಡುಗನ ಅಂಗೈಯಲ್ಲಿಟ್ಟರು, ಬೆಚ್ಚಗಿದ್ದಿರಬೇಕು.

ಅಂಗಾದ್ರೆ ನಿಮ್ಮಗ್ಗ ಯಾವ್ದಪ್ಪಾ, ಬರಿಗೈಲಿ ಓಗ್ಬಾರ್ದು, ನಮಗೂ ಒಳ್ಳೇದಲ್ಲ ನಿಮಗೂ ಒಳ್ಳೇದಲ್ಲ, ಎಂದಳು ಅಣ್ಣಮ್ಮ. ಇವರು ಗಾಡಿಯ ಸುತ್ತ ಒಂದು ಬಾರಿ ಬಂದರು, ಕೈ ಮೈಮೇಲೆಯೇ ಇತ್ತು, ಬೆನ್ನು, ಪಕ್ಕೆ, ಉಂಗುರ ತೆಗೆದ ಕೈ, ಎಡಗಡೆಯ ಬಾಗಿಲ ಹತ್ತಿರ ನಿಂತರು, ತೆಗೆದರು, ಬಗ್ಗಿ ಆ ಕೆಂಪು ಸೀರೆಯ ದಿಂಬು ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡರು, ಇದೇ ಅಗ್ಗ, ಎಂದರು, ಇದ್ರಲ್ಲೇ ಕಟ್ಟಿದ್ದು ನನ್ನ. ನಾಗಾರ್ಜುನ ಗಂಡ ಹೆಂಡಿರ ಮುದ್ದೆಂದು ನಕ್ಕ, ಅಣ್ಣಮ್ಮ ಮುಸುಮುಸು ನಕ್ಕಳು, ಚಲುವಮ್ಮನಿಗೆ ನಗಲಾಗಲಿಲ್ಲ, ಎಮ್ಮೆಯ ವಾರ, ಬೂರುಗದ ಹತ್ತಿ, ಕುಳ್ಳಿ ನಿಂಗೆ ರಸ್ತೆ ಕಾಣಕಿಲ್ಲ ಕೂತ್ಕೋ — ಮುದ್ದೆಂದುಕೊಂಡಿದ್ದಳಲ್ಲ, ತನಗೆ ಕಾಣಲಿ ಎಂದಲ್ಲ, ತನಗೆ ಕಂಡರೆ ಇವರಿಗೆ ಕಾಣುತ್ತದೆ ಎಂದು, ಹಾಗಾದರೆ ಮೊದಲ ದಿನದಿಂದ, ಹಾಗಾದರೆ ಆ ಸ್ಕೂಟರಿನವನಿಗೆ, ಸೊಪ್ಪಿನವಳಿಗೆ, ಪ್ರತಿಯೊಂದಕ್ಕೂ ಊಂ ಎಂದದ್ದು, ಓದುವವರಿಗೆ ಅರ್ಥ ಹೇಳುವವರು ಪಕ್ಕದಲ್ಲಿರುವುದು ಗೊತ್ತಿಲ್ಲದೆ ಇರುತ್ತದೆಯೇ, ಅವರೇ ತಾನೇ ಪೀಠ ಹಾಕಿ ಕೂರಿಸಿದ್ದು.

ಬಸ್ಸು ನಿಲ್ಲುವ ಕಡೆ ಒಂದು ಕಲ್ಲುಬೆಂಚು, ಇವರು ಅದರ ಮೇಲೆ ದಿಂಬು ಹಾಕಿ ತನ್ನನ್ನು ಕೂರಿಸಿದರು, ತಾವು ಬಲಗಡೆ ಬಂದು ಕೂತರು, ಬಲಗಡೆಯೇ, ಸ್ಟೇರಿಂಗು ಇದ್ದಿದ್ದರೆ ಎಲ್ಲಿರುತ್ತಿತ್ತೋ ಅಲ್ಲಿ, ಅಷ್ಟರಲ್ಲಿ ಬೆಳ್ಳನೆಯ ಗಾಡಿ ಎದುರಿಗೇ ಹಾದುಹೋಯಿತು, ಎಡಗಡೆಯ ಸೀಟಿನಲ್ಲಿ ಅಣ್ಣಮ್ಮನ ತಲೆ ಕಂಡೂ ಕಾಣದಷ್ಟು, ಮೂಗಿನಿಂದ ಮೇಲಷ್ಟೇ, ಅಯ್ಯೋ ಆ ಯಮ್ಮನಿಗೂ ಒಂದು ದಿಂಬು ಬೇಕು ಕಣಿ, ಎಂದಳು, ಊಂ, ಎಂದರು, ಗಾಡಿ ಶ್ರೀರಂಗಪಟ್ಟಣದ ಕಡೆ ತಿರುಗಿ ಕಾಣದಾಯಿತು, ರಂಗನಾಥಸ್ವಾಮಿಗೆ ತೋರಿಸಿಕೊಂಡು ಬರಲು ಹೊರಟಿರಬೇಕು, ಒಳ್ಳೆಯದಾಗಲಿ, ಉಂಗುರ ತೆಗೆದು ಮುಟ್ಟಲಿ. ಇನ್ ಕುಂಟಾದು ಬುಡು, ಎಂದರು ಇವರು, ಯಾವ್ ಕಾಲು ಅಂತ ನಂಗೇ ಮರ್ತೋಯ್ತದೆ. ಲಾರಿಗಳು, ಧೂಳು, ಕಬ್ಬಿನ ಹಾಲಿನ ಮೆಷಿನ್ನಿನ ಗೆಜ್ಜೆ, ಬಸ್ಸು ಬರುವ ಹಾಗೆ ಕಾಣುವುದಿಲ್ಲ, ಇವರು ನೇರ ಎದುರಿಗೆ ನೋಡುತ್ತಿದ್ದಾರೆ, ರಸ್ತೆ ನೋಡುವ ಹಾಗೆ, ಎಡಗೈ ಬೆಂಚಿನ ಮೇಲೆ, ತನ್ನ ಸೆರಗಿನ ಅಂಚಿನ ಮೇಲೆ, ಗೇರಿನ ಮೇಲೆ ಇಡುತ್ತಿದ್ದ ಹಾಗೆ — ಎಡಕ್ಕೇನದೆ ಚಲುವೀ, ಎಂದರು. ಕೇಳಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದರು. ಎಡಕ್ಕೆ ತಿರುಗಿದಳು, ಒಂದು ಮುರಿದ ಗೋಡೆ, ಗೋಡೆಯ ಮೇಲೆ ಹರಿದ ಪೋಸ್ಟರು, ಖಾಲಿ ತಳ್ಳುಗಾಡಿ, ಮತ್ತೇನೂ ಇಲ್ಲ, ಬಾಯಿಗೆ ಒಂದೇ ಬಂದದ್ದು, ಎಮ್ಮೆ, ಎಂದಳು. ಬೆನ್ ಮ್ಯಾಲೆ ಬೆಳ್ಳಕ್ಕಿ ಅದಾ, ಎಂದರು — ಬೆಳ್ಳಕ್ಕಿಯ ವಿಷಯ ತಾನು ಅವತ್ತೂ ಹೇಳಿರಲಿಲ್ಲ, ಯಾವತ್ತೂ ಯಾರಿಗೂ ಹೇಳಿರಲಿಲ್ಲ, ಗಾಡಿ ನಿಂತ ಮೇಲೆ ಇವರು ಮುಖ ಪೂರ್ತಿ ತಿರುಗಿಸಿ ನೋಡಿದ್ದರು ಹಾಗಾದರೆ, ಗಾಜಿನ ಮೇಲಿನ ಉಸಿರನ್ನೂ ನೋಡಿದ್ದರು, ನೋಡಿಯೇ ಚೆಂದಾಗದೆ ಎಂದಿದ್ದರು — ಅದೆ ಕಣಿ, ಎಂದಳು, ಅದೆ, ಕಪ್ಪಗೆ, ಒದ್ದೆಯಾಗಿ, ಕತ್ತು ಚಾಚಿ, ಬೆನ್ನ ಮೇಲೆ ಬೆಳ್ಳಕ್ಕಿ, ಹಾರುವುದಿಲ್ಲ